ನೇತ್ರಾಣಿಯಲ್ಲಿ ಸ್ಕೂಬಾ: ಬಾವಿ ಈಜು ಬಂದ್ರೆ ಸಾಕಾ? ಅದೇ ರಾತ್ರಿ ದಾವಣಗೆರೆಗೆ ವಾಪಸ್ ಬರಬಹುದಾ?

ಕೊಂಡಜ್ಜಿ:

ನಾವು ನಾಲ್ಕು ಜನ, ದಾವಣಗೆರೆಯಿಂದ ಇಬ್ರು, ಚಿತ್ರದುರ್ಗದಿಂದ ಇಬ್ರು. ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯೋದು) ಮಾಡೋ ಪ್ಲ್ಯಾನ್ ಐತಿ. ಶುಕ್ರವಾರ ರಾತ್ರಿ ಊಟ ಮುಗಿಸಿ ಕಾರಲ್ಲಿ ಹೊರಡೋದು, ಶನಿವಾರ ಬೆಳಿಗ್ಗೆ ಬೋಟ್ ಹತ್ತೋದು, ಮಧ್ಯಾಹ್ನ ದಡಕ್ಕೆ ಬಂದು ಮೀನೂಟ ಮಾಡಿ ಸಂಜೆನೇ ಹೊನ್ನಾವರ–ಸಾಗರ–ಶಿವಮೊಗ್ಗ ದಾರೀಲಿ ಊರು ಸೇರೋದು. ಲಾಡ್ಜ್ ಖರ್ಚು ಉಳೀತದೆ ಅಂತ ಲೆಕ್ಕ.

ನಾಲ್ಕೂ ಜನಕ್ಕೂ ಈಜು ಬರುತ್ತೆ. ಮೂರು ಜನ ತೋಟದ ಬಾವೀಲಿ ಕಲಿತೋರು, 25–30 ಅಡಿ ಮುಳುಗಿ ತಳದ ಕಲ್ಲು ಎತ್ಕೊಂಡು ಬರ್ತೀವಿ. ಇಷ್ಟು ಸಾಕಾ, ಇಲ್ಲ ಬೇರೆ ಏನಾದ್ರೂ ಪ್ರಾಕ್ಟೀಸ್ ಬೇಕಾ? ಒಬ್ಬನಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು, ಹತ್ತು ವರ್ಷದಿಂದ ಇನ್‌ಹೇಲರ್ ಮುಟ್ಟಿಲ್ಲ, ಫಾರ್ಮ್‌ನಲ್ಲಿ ಬರೀಬೇಕಾ? ಇನ್ನೊಬ್ಬನಿಗೆ ನೆಗಡಿ ಜಾಸ್ತಿ. ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ? ಡೈವ್ ಮಾಡಿದ ದಿನ ಘಟ್ಟ ಹತ್ತಬಾರದು ಅಂತ ಯಾರೋ ಅಂದ್ರು, ಅದು ನಿಜಾನಾ ಇಲ್ಲ ಸುಮ್ನೆ ಹೆದರಿಸೋ ಮಾತಾ? ಡೈವ್ ಸೆಂಟರ್‌ನೋರು ರೇಟು, ಒಂದು ವಿಡಿಯೊ ಕಳ್ಸಿದಾರೆ ಅಷ್ಟೆ.

ಜೋಗಿಮಟ್ಟಿ:

ಬಾವಿ ಈಜು ಬಂದರೆ ನೀರಿನ ಭಯ ಇರಲ್ಲ, ಅಷ್ಟರ ಮಟ್ಟಿಗೆ ಒಳ್ಳೇದು. ಆದರೆ ಬಾವಿಯಲ್ಲಿ ಮೈಗೆ ಹತ್ತಿದ ಎರಡು ಅಭ್ಯಾಸ ಸ್ಕೂಬಾದಲ್ಲಿ ಪ್ರಾಣಕ್ಕೇ ಬರುತ್ತವೆ. ಒಂದು, ಉಸಿರು ಕಟ್ಟೋದು. ಇನ್ನೊಂದು, ತಳಕ್ಕೆ ಕಾಲು ಒದ್ದು ಸರ್ರಂತ ಮೇಲೆ ಬರೋದು. ಈಜು ಬಾರದವನಿಗೆ ಇವೆರಡೂ ಗೊತ್ತಿರಲ್ಲ, ಹೇಳಿಕೊಟ್ಟಂಗೆ ಮಾಡ್ತಾನೆ. ಈಜು ಬರೋನು ಗಾಬರಿಯಾದಾಗ ಕೈಕಾಲು ತಾವಾಗೇ ಹಳೇ ದಾರಿ ಹಿಡೀತವೆ.

ಬಾವೀಲಿ ಯಾಕೆ ಏನೂ ಆಗಲ್ಲ ಅಂದ್ರೆ, ದಡದಲ್ಲಿ ಎಳಕೊಂಡ ಗಾಳೀನೇ ಕೆಳಗೆ ಹೋದಂತೆ ಕುಗ್ಗುತ್ತೆ, ಮೇಲೆ ಬಂದಾಗ ಮೊದಲಿನಷ್ಟಾಗುತ್ತೆ. ಅದಕ್ಕಿಂತ ಹಿಗ್ಗೋದಕ್ಕೆ ದಾರಿ ಇಲ್ಲ. ಸ್ಕೂಬಾದಲ್ಲಿ ಹಂಗಲ್ಲ. ಸಿಲಿಂಡರ್ ಗಾಳೀನ ಬಾಯಿಗೆ ಕೊಡೋ ರೆಗ್ಯುಲೇಟರ್ ನೀವಿರೋ ಆಳದ ಒತ್ತಡದಲ್ಲೇ ಗಾಳಿ ಕೊಡುತ್ತೆ. 10 ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟು, ಅಂದರೆ 2 ಬಾರ್. ಅಲ್ಲಿ 5 ಲೀಟರ್ ಎಳೆದು, ಬಾಯಿ ಬಿಗಿದು ಮೇಲೆ ಬಂದರೆ ಆ ಗಾಳಿ 10 ಲೀಟರ್ ಆಗಬೇಕು. ಶ್ವಾಸಕೋಶದಲ್ಲಿ ಅಷ್ಟು ಜಾಗ ಎಲ್ಲೈತೆ? ಒಳಗಿನ ಪೊರೆ ಹರಿದು ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋಗುತ್ತೆ. ಎದೆ ತುಂಬ ಗಾಳಿ ಹಿಡಕೊಂಡು ಒಂದೂವರೆ ಮೀಟರ್ ಏರಿದರೂ ಇದು ಆಗಬಹುದು, ಅದಕ್ಕೇ ಈಜುಕೊಳದ ತರಬೇತೀಲೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ. 20ರಿಂದ 10 ಮೀಟರ್‌ಗೆ ಬರುವಾಗ ಗಾಳಿ ಒಂದೂವರೆ ಪಟ್ಟು ಹಿಗ್ಗಿದರೆ, 10ರಿಂದ ಮೇಲ್ಮೈಗೆ ಎರಡು ಪಟ್ಟು. ‘ಇನ್ನೇನು ಬಂದೇಬಿಟ್ವಿ’ ಅನ್ನೋ ಜಾಗದಲ್ಲೇ ಅಪಾಯ ಜಾಸ್ತಿ.

ಆದ್ದರಿಂದ ಬಾಯಲ್ಲಿ ರೆಗ್ಯುಲೇಟರ್ ಇದ್ದಾಗ ಉಸಿರು ಹೋಗ್ತಾ ಬರ್ತಾ ಇರಬೇಕು, ನಿಧಾನವಾಗಿ, ಬಿಡೋದು ಎಳೆಯೋದಕ್ಕಿಂತ ಸ್ವಲ್ಪ ಉದ್ದ. ರೆಗ್ಯುಲೇಟರ್ ಬಾಯಿಂದ ಜಾರಿದರೆ ‘ಆ…’ ಅಂತ ಸಣ್ಣಗೆ ಗುಳ್ಳೆ ಬಿಡ್ತಾ ಇರಿ. ಬಲಗೈಯನ್ನು ತೊಡೆಗೆ ತಾಗಿಸಿ, ಹಿಂದಕ್ಕೆ ಚಾಚಿ, ಅರ್ಧ ಚಕ್ರ ಸುತ್ತಿಸಿ ಮುಂದಕ್ಕೆ ತಂದರೆ ಪೈಪ್ ತೋಳಿಗೆ ಸಿಕ್ಕುತ್ತೆ. ಬಾಯಿಗಿಟ್ಟ ತಕ್ಷಣ ಎಳೆದರೆ ಉಪ್ಪುನೀರು ಗಂಟಲಿಗೆ. ಮೊದಲು ಫೂ ಅಂತ ಊದಿ ನೀರು ಹೊರಹಾಕಿ. ಊದೋದಕ್ಕೆ ಉಸಿರೇ ಉಳಿದಿಲ್ಲ ಅಂದ್ರೆ ನಾಲಿಗೆ ಅಡ್ಡ ಹಿಡಿದು ಮುಂದಿನ ಪರ್ಜ್ ಗುಂಡಿ (ಗಾಳಿ ಬಿಟ್ಟು ನೀರು ತಳ್ಳೋದು) ಒತ್ತಿ. ಆಮೇಲೆ ಎಳೀರಿ.

ಮೇಲೆ ಬರೋ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು, ಅಂದರೆ ಒಂದು ಮೀಟರ್‌ಗೆ ಆರೇಳು ಸೆಕೆಂಡ್. ಆಳ ತೋರಿಸೋ ಮೀಟರ್ ನೋಡೋಕೆ ಬಾರದಿದ್ದರೆ, ನೀವು ಬಿಟ್ಟ ಅತಿ ಸಣ್ಣ ಗುಳ್ಳೆಗಿಂತ ನೀವು ಮುಂದೆ ಹೋಗ್ಬೇಡಿ. 5 ಮೀಟರ್ ಹತ್ರ 3 ನಿಮಿಷ ನಿಲ್ಲಿಸ್ತಾರೆ. ಬೋರ್ ಅನ್ಸುತ್ತೆ, ನಿಲ್ಲಿ.

ಕಿವಿ ವಿಷಯದಲ್ಲಿ ಹೊಸಬರು ಮಾಡೋ ತಪ್ಪು ಒಂದೇ, ನೋವು ಬಂದ ಮೇಲೆ ಮೂಗು ಹಿಡಿದು ಊದೋದು. ನೋವು ಬಂತು ಅಂದ್ರೆ ಆಗಲೇ ತಡ ಆಗೈತೆ. ಮೂಗಿಂದ ಕಿವಿಗೆ ಹೋಗೋ ಒಳಗಿನ ನಾಳ ಒತ್ತಡಕ್ಕೆ ಅಂಟಿಕೊಂಡಿರುತ್ತೆ, ಜೋರಾಗಿ ಊದಿದಷ್ಟೂ ಬಿಗಿಯುತ್ತೆ, ಅತಿಯಾದರೆ ಒಳಗಿವಿಯ ಪೊರೆಯೇ ಹರಿಯುತ್ತೆ. ನೀರಿನ ಮೇಲಿದ್ದಾಗಲೇ ಒಂದ್ಸಲ ಕಿವಿ ಬಿಡಿಸಿ, ಇಳಿಯೋಕೆ ಶುರುವಾದ ಮೇಲೆ ಅರ್ಧ ಮೀಟರ್‌ಗೊಂದ್ಸಲ. ಮೂಗು ಹಿಡಿದು ಮೆಲ್ಲಗೆ ಊದಿ, ಇಲ್ಲ ಮೂಗು ಹಿಡಿದು ಎಂಜಲು ನುಂಗಿ; ಯಾವುದು ಆಗುತ್ತೋ ಅದು. ಆಗಲಿಲ್ಲ ಅಂದ್ರೆ ಒಂದು ಮೀಟರ್ ಮೇಲಕ್ಕೆ ಬಂದು ಮತ್ತೆ ನೋಡಿ. ಕಾಲು ಕೆಳಗೆ, ತಲೆ ಮೇಲೆ ಇಟ್ಟು ಇಳಿದರೆ ಸುಲಭ. ಬಾವಿಗೆ ಹಾರಿದಂಗೆ ತಲೆ ಕೆಳಗೆ ಮಾಡಿದರೆ ಕಷ್ಟ.

ನೆಗಡಿ ಇರೋನು ಆ ದಿನ ಇಳೀಬಾರದು. ಮಾತ್ರೆ ನುಂಗಿ ಇಳಿದರೆ ಆಯ್ತಲ್ಲ ಅಂತ ಕೇಳಬೇಡಿ. ಇಳಿಯುವಾಗ ಮೂಗು ತೆರೆದಿದ್ದು, ಕೆಳಗೆ ಮಾತ್ರೆ ಪ್ರಭಾವ ಇಳಿದರೆ ಗಾಳಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತೆ. ಮೇಲೆ ಬರುವಾಗ ಹಿಗ್ಗೋ ಆ ಗಾಳಿಗೆ ಹೊರಗೆ ಹೋಗೋ ದಾರಿ ಇರಲ್ಲ. ಇಳಿಯೋದನ್ನ ಯಾವಾಗ ಬೇಕಾದ್ರೂ ನಿಲ್ಲಿಸಬಹುದು, ಮೇಲೆ ಬರೋದನ್ನ ನಿಲ್ಲಿಸೋಕಾಗಲ್ಲ.

ಇನ್ನು ‘ಆಕ್ಸಿಜನ್ ಸಿಲಿಂಡರ್’. ಅದರಲ್ಲಿರೋದು ನಾವೀಗ ಉಸಿರಾಡ್ತಿರೋ ಗಾಳೀನೇ, ಒಣಗಿಸಿ ಸೋಸಿ ಒತ್ತಿ ತುಂಬಿರ್ತಾರೆ. ಬರೀ ಆಕ್ಸಿಜನ್ ತುಂಬಿಕೊಂಡು 6 ಮೀಟರ್ ದಾಟಿದರೆ ಅದೇ ವಿಷ ಆಗಿ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಸಿಗೋ ಅಲ್ಯೂಮಿನಿಯಂ ಸಿಲಿಂಡರ್ 11 ಲೀಟರಿಂದು, 200 ಬಾರ್ ತುಂಬಿದರೆ 2200 ಲೀಟರ್ ಗಾಳಿ. 50 ಬಾರ್ ಮುಟ್ಟಂಗಿಲ್ಲ, ಅದು ಆಪತ್ತಿಗೆ, ಉಳಿದದ್ದು 1650. ಸಮಾಧಾನವಾಗಿರೋನು ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆದರೆ, 10 ಮೀಟರ್‌ನಲ್ಲಿ 40 ಖರ್ಚು, 40 ನಿಮಿಷ ಬಂತು. ಗಾಬರಿಯಲ್ಲಿ ಏದುಸಿರು ಬಿಡೋನಿಗೆ ಅದೇ ಸಿಲಿಂಡರ್ 20 ನಿಮಿಷಕ್ಕೆ ಖಾಲಿ. ಕೈ ಬಡಿಯೋದು ಬಿಡಿ, ಗಾಳಿ ಉಳಿಯುತ್ತೆ.

ತುಂಗೆದಡ:

ಘಟ್ಟದ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಕರಾವಳಿಯೋರಿಗೆ ಇದು ತಲೆಗೇ ಹೊಳೆಯಲ್ಲ, ಅವರ ಮನೆ ಅಲ್ಲೇ ಇರುತ್ತೆ. ನಮ್ಮದು ಹಾಗಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಸುಮಾರು 730. ಹೊನ್ನಾವರದಲ್ಲಿ ಸೊನ್ನೆಯಿಂದ ಹೊರಟ ಕಾರು ಗೇರುಸೊಪ್ಪೆ ದಾಟಿ ಜೋಗದ ಹತ್ತಿರ ಬರುವಷ್ಟರಲ್ಲಿ 500 ಮೀಟರ್ ಏರಿರುತ್ತದೆ.

ಕೆಳಗಿದ್ದಾಗ ಒತ್ತಡಕ್ಕೆ ಮೈಯೊಳಗೆ ನೈಟ್ರೋಜನ್ ಕರಗಿ ಸೇರುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಅದು ಹೋಗುವ ಮುಂಚೆಯೇ ಹೊರಗಿನ ಒತ್ತಡ ಇನ್ನೂ ಇಳಿದರೆ, ಬಿಸಿಲಲ್ಲಿಟ್ಟ ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಡೈವರ್‌ಗಳ ಸುರಕ್ಷತೆಗೆ ಕೆಲಸ ಮಾಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ (ಡ್ಯಾನ್) ವಿಮಾನ ಹತ್ತುವವರಿಗೆ ಹೇಳುವುದು ಹೀಗೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ 18 ಗಂಟೆ ಕಾಯಿರಿ. ಆ ಮಾತು ಅನ್ವಯಿಸುವುದು ಕ್ಯಾಬಿನ್ ಎತ್ತರ (ವಿಮಾನದೊಳಗಿನ ಒತ್ತಡ ಎಷ್ಟು ಎತ್ತರದ ಒತ್ತಡಕ್ಕೆ ಸಮವೋ ಅದು) 2000 ಅಡಿಯಿಂದ 8000 ಅಡಿಯವರೆಗೆ. 2000 ಅಡಿ ಅಂದರೆ 610 ಮೀಟರ್. ದಾವಣಗೆರೆ ಸರಿಯಾಗಿ ಆ ಗೆರೆಯ ಮೇಲೆ ಕೂತಿದೆ, ಚಿತ್ರದುರ್ಗ ಗೆರೆ ದಾಟಿದೆ.

ಜೋಗಿಮಟ್ಟಿ:

ಅಷ್ಟು ಹೆದರಿಸೋದು ಬೇಡ ಅನ್ಸುತ್ತೆ. ಇವರು ಮಾಡೋದು ಒಂದೇ ಡೈವ್, 8–10 ಮೀಟರ್, ಅರ್ಧ ಗಂಟೆ. ಅಮೆರಿಕದ ನೌಕಾಪಡೆ ಕೋಷ್ಟಕದಲ್ಲಿ ಇಷ್ಟು ಸಣ್ಣ ಡೈವ್ ಆದ ಮೇಲೆ 600–700 ಮೀಟರ್ ಏರೋಕೆ ಕಾಯೋ ಸಮಯ ಸೊನ್ನೆ ಅಂತಲೇ ಬರುತ್ತೆ. ನಮ್ಮೂರ ಗಾಳಿ ಒತ್ತಡ ಕರಾವಳಿಗಿಂತ 7–8 ಶೇಕಡ ಕಡಿಮೆ, ವಿಮಾನದೊಳಗಿನಂತೆ ಕಾಲು ಭಾಗ ಕಡಿಮೆ ಅಲ್ಲ.

ತುಂಗೆದಡ:

ಒಪ್ಪಿದೆ, ಒಂದೇ ಸಣ್ಣ ಡೈವ್‌ಗೆ ನೈಟ್ರೋಜನ್ ಲೆಕ್ಕದಲ್ಲಿ ಅಪಾಯ ಚಿಕ್ಕದೇ. ಆದರೆ ದಡದಲ್ಲಿ ‘ಇನ್ನೊಂದು ಡೈವ್‌ಗೆ ಅರ್ಧ ರೇಟು’ ಅಂದಾಗ ಇವರು ಬೇಡ ಅನ್ನುತ್ತಾರೆಯೇ? ಎರಡನೇ ಡೈವ್ ಆದ ತಕ್ಷಣ ಆ ಸೊನ್ನೆಯನ್ನು ನಂಬುವ ಹಾಗಿಲ್ಲ. ಸರ್ಟಿಫಿಕೇಟ್ ಕೊಡುವ ಓಪನ್ ವಾಟರ್ ಕೋರ್ಸ್‌ಗೆ ಹೋದವರಂತೂ ನಾಲ್ಕು ಡೈವ್ ಮಾಡುತ್ತಾರೆ, 18 ಮೀಟರ್‌ವರೆಗೆ ಇಳಿಯುತ್ತಾರೆ, ಅವರಿಗೆ 18 ಗಂಟೆ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಈ ಗುಳ್ಳೆಗಳಿಂದ ಬರುವ ಡೀಕಂಪ್ರೆಶನ್ ಕಾಯಿಲೆಯ ಲಕ್ಷಣ ನೀರಿಂದ ಎದ್ದ ಕ್ಷಣಕ್ಕೇ ಬರಬೇಕೆಂದಿಲ್ಲ. ಹೆಚ್ಚಿನವರಿಗೆ ಮೊದಲ ಕೆಲವು ಗಂಟೆಗಳಲ್ಲಿ, ಬಹುಪಾಲು 24 ಗಂಟೆಯೊಳಗೆ. ಭುಜ, ಮೊಣಕೈ, ಮಂಡಿಯಲ್ಲಿ ಹಲ್ಲುನೋವಿನ ಹಾಗೆ ಕೊರೆಯುವ ನೋವು, ಜುಮುಗುಡುವುದು, ಚರ್ಮದ ಮೇಲೆ ಕಲೆ, ವಿಪರೀತ ಸುಸ್ತು, ತಲೆಸುತ್ತು, ಕಾಲಿಗೆ ಬಲ ಇಲ್ಲದಿರುವುದು. ಇವರ ಪ್ಲ್ಯಾನ್‌ನಲ್ಲಿ ಆ ಹೊತ್ತಿಗೆ ಇವರು ರಾತ್ರಿ ಘಟ್ಟದ ತಿರುವಿನಲ್ಲಿರುತ್ತಾರೆ. ಭುಜ ನೋವು ಅಂದರೆ ‘ಸಿಲಿಂಡರ್ ಹೊತ್ತಿದ್ದಕ್ಕೆ’, ಸುಸ್ತು ಅಂದರೆ ‘ನಿದ್ದೆಗೆಟ್ಟಿದ್ದಕ್ಕೆ’. ಎರಡು ರಾತ್ರಿ ಸರಿಯಾಗಿ ಮಲಗದವನ ಕೈಯಲ್ಲಿ ಸ್ಟಿಯರಿಂಗ್ ಬೇರೆ.

ಲಾಡ್ಜ್ ಖರ್ಚು ಉಳಿಸಲೇಬೇಕಾದರೆ ನಾಲ್ಕು ಜನಕ್ಕೆ ಒಂದೇ ರೂಮ್ ಮಾಡಿ. ಶುಕ್ರವಾರ ಮಧ್ಯಾಹ್ನ ಹೊರಟು ಮುರುಡೇಶ್ವರದಲ್ಲಿ ಮಲಗಿ. ಶನಿವಾರ ಡೈವ್, ರಾತ್ರಿ ಅಲ್ಲೇ. 11 ಗಂಟೆಗೆ ನೀರಿಂದ ಎದ್ದಿದ್ದರೆ ಭಾನುವಾರ ಬೆಳಿಗ್ಗೆ 8ಕ್ಕೆ ಘಟ್ಟ ಹತ್ತುವಾಗ 21 ಗಂಟೆ ಆಗಿರುತ್ತದೆ. ಡೈವ್‌ನ ಹಿಂದಿನ ರಾತ್ರಿ ಎಣ್ಣೆ ಬೇಡ, ಮೈಯಲ್ಲಿ ನೀರು ಕಡಿಮೆಯಾದರೆ ಈ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಮುಗಿದ ಮೇಲಿನ ಪಾರ್ಟಿಯೂ ಬೇಡ, ಅಮಲು ಯಾವುದು ಲಕ್ಷಣ ಯಾವುದು ಗೊತ್ತಾಗುವುದಿಲ್ಲ.

ಚಂದ್ರವಳ್ಳಿ:

ಆಸ್ತಮಾ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ಬರೆಯಲೇಬೇಕು. ವೈದ್ಯಕೀಯ ಫಾರ್ಮ್‌ನ ಮೊದಲ ಪುಟದಲ್ಲಿ ಹತ್ತು ಪ್ರಶ್ನೆ ಇರ್ತವೆ. ಕೆಲವಕ್ಕೆ ‘ಹೌದು’ ಅಂದರೆ ಎರಡನೇ ಪುಟಕ್ಕೆ ಹೋಗಿ, ಅಲ್ಲೂ ಹೌದು ಬಂದರೆ ಡಾಕ್ಟರ್ ಸಹಿ ಬೇಕು. ಬೆಳಿಗ್ಗೆ ಆರು ಗಂಟೆಗೆ ದಡದಲ್ಲಿ ಡಾಕ್ಟರ್ ಸಿಗಲ್ಲ, ಹಾಗಾಗಿ ಆಗ ಎಲ್ಲರೂ ‘ಇಲ್ಲ, ಇಲ್ಲ’ ಅಂತ ಗೀಚಿಬಿಡ್ತಾರೆ. ಫಾರ್ಮ್ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತರಿಸ್ಕೊಂಡು ಊರಲ್ಲೇ ಫಿಸಿಶಿಯನ್ ಹತ್ರ ಹೋಗಿ, ಸ್ಪೈರೋಮೆಟ್ರಿ (ಊದಿಸಿ ಮಾಡೋ ಶ್ವಾಸಕೋಶದ ಪರೀಕ್ಷೆ) ಮಾಡಿಸಿ. ಆಸ್ತಮಾದಲ್ಲಿ ಸಣ್ಣ ಶ್ವಾಸನಾಳ ಬಿಗಿದು ಅದರಾಚೆ ಗಾಳಿ ಸಿಕ್ಕಿಕೊಳ್ಳುತ್ತೆ, ಮೇಲೆ ಬರುವಾಗ ಆ ಗಾಳಿ ಹಿಗ್ಗಿದರೆ ಜೋಗಿಮಟ್ಟಿ ಹೇಳಿದ ಹಾಗೆ ಶ್ವಾಸಕೋಶ ಹರಿಯುತ್ತೆ, ಬಾಯಿ ತೆರೆದಿದ್ದರೂ. ಒಣಗಾಳಿ, ಉಪ್ಪುನೀರು, ಗಾಬರಿ ಮೂರೂ ಸೇರಿದಾಗ ಹತ್ತು ವರ್ಷದ ಹಿಂದಿನದು ಎದ್ದು ಬರಬಹುದು. ಡಾಕ್ಟರ್ ಬೇಡ ಅಂದ್ರೆ ಅವನು ಸ್ನಾರ್ಕೆಲ್ (ನೀರಿನ ಮೇಲೇ ತೇಲ್ತಾ ಕೊಳವೆಯಲ್ಲಿ ಉಸಿರಾಡೋದು) ಮಾಡಲಿ, ನೇತ್ರಾಣೀಲಿ ಬಂಡೆ ಪಕ್ಕ ಮೇಲಿಂದಾನೂ ಮೀನು ಕಾಣ್ತವೆ. ಫಿಟ್ಸ್, ಹೃದಯದ ತೊಂದರೆ, ಹಿಂದೊಮ್ಮೆ ಶ್ವಾಸಕೋಶ ಕುಸಿದದ್ದು, ಕಿವಿ ಆಪರೇಷನ್, ಗರ್ಭಿಣಿ, ಇವ್ಯಾವುದನ್ನೂ ಮುಚ್ಚಿಡಬಾರದು.

ಡೈವ್ ಸೆಂಟರ್‌ಗೆ ಏನು ಕೇಳಬೇಕು ಅಂದ್ರೆ, ರೇಟಿಗಿಂತ ಮೊದಲು ‘ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ?’ ಅಂತ ಕೇಳಿ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ನಿಯಮದಲ್ಲಿ ಕೋರ್ಸ್ ಇಲ್ಲದೆ ಮೊದಲ ಸಲ ಇಳಿಯೋರಿಗೆ 12 ಮೀಟರ್ ಮಿತಿ, ಒಬ್ಬರಿಗೆ ನಾಲ್ಕು ಜನಕ್ಕಿಂತ ಹೆಚ್ಚಿಲ್ಲ. ಈಜುಕೊಳ ನೋಡದೆ ನೇರ ಸಮುದ್ರಕ್ಕಿಳಿಯೋ ನಿಮ್ಮಂಥೋರಿಗೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಇನ್‌ಸ್ಟ್ರಕ್ಟರ್ ಇದ್ದರೇ ವಾಸಿ. ಕ್ಯಾಮೆರಾ ಹಿಡಿಯೋನು ಬೇರೆ, ನಿಮ್ಮನ್ನ ಹಿಡಿಯೋನು ಬೇರೆ ಇರಬೇಕು. ಒಬ್ಬನೇ ಎರಡೂ ಮಾಡ್ತಾನೆ ಅಂದ್ರೆ ಬೇರೆ ಕಡೆ ನೋಡಿ.

ಎರಡನೇ ಪ್ರಶ್ನೆ, ಬೋಟ್‌ನಲ್ಲಿ ಆಕ್ಸಿಜನ್ ಐತಾ, ಎಷ್ಟು? ಇಲ್ಲಿ ಮಾತ್ರ ನಿಜವಾದ ಆಕ್ಸಿಜನ್ ಬೇಕು, ಪ್ರಥಮ ಚಿಕಿತ್ಸೆಗೆ. ಗುಳ್ಳೆ ಕಾಯಿಲೆ ಅನುಮಾನ ಬಂದವನನ್ನ ಮಲಗಿಸಿ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಕೊಡಬೇಕು. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್, ಬೋಟ್‌ನಲ್ಲಿ ಒಂದೂವರೆ ಗಂಟೆ ಅಂತ ಇಟ್ಕೊಳ್ಳಿ: 90 ನಿಮಿಷಕ್ಕೆ 1350 ಲೀಟರ್. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ 1500 ಲೀಟರ್, ಅಷ್ಟಾದರೂ ಇರಲಿ. ತೆಂಗಿನಕಾಯಿ ಗಾತ್ರದ ಕ್ಯಾನ್ ತೋರಿಸಿದರೆ ಅದು ಪೂಜೆಗಷ್ಟೆ. ಆಮೇಲೆ, ಹತ್ತಿರದ ಹೈಪರ್‌ಬಾರಿಕ್ ಚೇಂಬರ್ (ಹೆಚ್ಚು ಒತ್ತಡದಲ್ಲಿಟ್ಟು ಈ ಕಾಯಿಲೆಗೆ ಚಿಕಿತ್ಸೆ ಕೊಡೋ ಕೋಣೆ) ಎಲ್ಲಿದೆ, ಅಲ್ಲಿಗೆ ಸಾಗಿಸೋದು ಹೇಗೆ ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ಅದೂ ಒಂದು ಉತ್ತರಾನೇ. ಸಮುದ್ರದಲ್ಲಿ ಆಪತ್ತಿಗೆ ಕೋಸ್ಟ್ ಗಾರ್ಡ್ ನಂಬರ್ 1554, ದಡದಲ್ಲಿ 108. ಲಕ್ಷಣ ಬಂದವನನ್ನ ‘ಮತ್ತೆ ಮುಳುಗಿಸಿದರೆ ಸರಿಹೋಗುತ್ತೆ’ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ.

ನೀರಿಗಿಳಿಯೋ ಮುಂಚೆ ನೀವೇ ಮಾಡೋ ಒಂದು ಪರೀಕ್ಷೆ ಐತೆ, ಅರ್ಧ ನಿಮಿಷದ್ದು. ಸಿಲಿಂಡರ್ ಒತ್ತಡ ತೋರಿಸೋ ಗೇಜ್ ಮುಖ ನಿಮ್ಮ ಕಡೆ ಹಿಡ್ಕೊಂಡು, ಮುಳ್ಳು ನೋಡ್ತಾ ರೆಗ್ಯುಲೇಟರ್‌ನಿಂದ ನಾಲ್ಕು ದೊಡ್ಡ ಉಸಿರು ಎಳೀರಿ. ಮುಳ್ಳು 200ರಲ್ಲಿ ಅಲ್ಲಾಡದೆ ನಿಂತಿದ್ರೆ ಸರಿ. ಪ್ರತಿ ಉಸಿರಿಗೂ ಸರಕ್ ಅಂತ ಕೆಳಗಿಳಿದು ಮತ್ತೆ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ದಡದಲ್ಲಿ ಆ ಸಣ್ಣ ಸಂದಿಯಿಂದ ಬರೋ ಗಾಳಿ ಸಾಕಾಗುತ್ತೆ, 10 ಮೀಟರ್‌ನಲ್ಲಿ ಸಾಕಾಗಲ್ಲ. ಗಾಳಿಗೆ ಎಣ್ಣೆ ವಾಸನೆ, ಹೊಗೆ ವಾಸನೆ ಬಂದರೆ ಸಿಲಿಂಡರ್ ಬದಲಾಯಿಸಿ ಅಂತ ಹೇಳಿ, ಮುಲಾಜು ಬೇಡ. ಸಿಲಿಂಡರ್ ತುಂಬೋ ಕಂಪ್ರೆಸರ್ ಬಾಯಿ ಇಂಜಿನ್ ಹೊಗೆ ಪಕ್ಕ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬಂದಿರುತ್ತೆ, ಅದಕ್ಕೆ ಸ್ವಂತ ವಾಸನೆ ಇಲ್ಲ. ಮುಳುಗೋಕೆ ಕಟ್ಟೋ ತೂಕದ ಬೆಲ್ಟ್ ಒಂದೇ ಕೈಯಲ್ಲಿ ಬಿಚ್ಚೋಕೆ ಬರಬೇಕು; ಬಕಲ್ ಎಲ್ಲೈತೆ ಅಂತ ಕಣ್ಣು ಮುಚ್ಚಿ ಒಂದ್ಸಲ ಮುಟ್ಟಿ ನೋಡ್ಕೊಳ್ಳಿ. ನಿಮ್ಮ ಜಾಕೆಟ್‌ಗೆ ಗಾಳಿ ತುಂಬೋ ಗುಂಡಿ, ಬಿಡೋ ಗುಂಡಿ ಎರಡೂ ಒಂದೇ ಪೈಪ್ ತುದೀಲಿರ್ತವೆ, ಅದಲುಬದಲು ಮಾಡ್ಬೇಡಿ.

ಸನ್ನೆ. ಇದರಲ್ಲಿ ನಮ್ಮೋರು ತಪ್ಪದೆ ಎಡವ್ತಾರೆ. ಇನ್‌ಸ್ಟ್ರಕ್ಟರ್ ‘ಹೆಂಗಿದೀಯ’ ಅಂತ ಕೇಳಿದಾಗ ಹೆಬ್ಬೆರಳು ಎತ್ತಿ ‘ಸೂಪರ್’ ಅಂತೀರಿ. ಅದರ ಅರ್ಥ ‘ಮೇಲೆ ಹೋಗೋಣ’. ಅವರು ಮೇಲೆ ಕರ್ಕೊಂಡು ಹೋಗ್ತಾರೆ, ದುಡ್ಡು ಹೋಯ್ತು. ಚೆನ್ನಾಗಿದೀನಿ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ. ಏನೋ ಸರಿ ಇಲ್ಲ ಅಂದ್ರೆ ಅಂಗೈ ಕೆಳಗೆ ಮಾಡಿ ಆಚೀಚೆ ವಾಲಾಡಿಸಿ, ಆಮೇಲೆ ಎಲ್ಲಿ ತೊಂದರೆಯೋ ಅಲ್ಲಿಗೆ ಬೆರಳು. ಗಾಳಿ ಖಾಲಿ ಅಂದ್ರೆ ಕತ್ತಿನ ಮುಂದೆ ಅಂಗೈಯಿಂದ ಕೊಯ್ದಂಗೆ. ಹಿಂದಿನ ರಾತ್ರಿ ರೂಮಲ್ಲಿ ನಾಲ್ಕೂ ಜನ ಎದುರುಬದುರು ಕೂತು ಹತ್ತು ನಿಮಿಷ ಬರೀ ಸನ್ನೇಲಿ ಮಾತಾಡಿ.

ಬೋಟ್‌ನಲ್ಲಿ ವಾಂತಿ ಗ್ಯಾರಂಟಿ ಅನ್ನೋರು ಅವೋಮಿನ್ ಅಂಥ ಮಾತ್ರೆ ಹತ್ತೋ ಒಂದು ಗಂಟೆ ಮುಂಚೆ ತಗೊಂಡ್ರೆ ಕೆಲಸ ಮಾಡುತ್ತೆ, ಹತ್ತಿದ ಮೇಲೆ ಉಪಯೋಗ ಇಲ್ಲ. ನಿದ್ದೆ ಬರಿಸುತ್ತೆ, ಹಾಗಾಗಿ ಡಾಕ್ಟರ್ ಹತ್ರ ಹೋದಾಗ ಇದನ್ನೂ ಕೇಳಿ, ಊರಲ್ಲೇ ಒಂದ್ಸಲ ತಗೊಂಡು ನೋಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಬೆಣ್ಣೆದೋಸೆ ಊರೋರಿಗೆ ಇದು ಕಷ್ಟದ ಮಾತು, ಆದರೆ ಹೊಟ್ಟೇಲಿರೋ ಬೆಣ್ಣೆ ಅಲೆ ಮೇಲೆ ನಿಲ್ಲಲ್ಲ. ನೀರೊಳಗೇ ವಾಂತಿ ಬಂದ್ರೆ ರೆಗ್ಯುಲೇಟರ್ ತೆಗೀಬೇಡಿ. ಕೈಯಿಂದ ಒತ್ತಿ ಹಿಡಿದು ಅದರೊಳಗೇ ಮಾಡಿ, ಹೊರಗೆ ಹೋಗುತ್ತೆ, ಪರ್ಜ್ ಒತ್ತಿ ತೊಳೀರಿ. ತೆಗೆದರೆ ವಾಂತಿ ಆದ ಮರುಕ್ಷಣ ಎಳೆಯೋ ಉಸಿರಿಗೆ ನೀರು ನುಗ್ಗುತ್ತೆ.

ಕೆಳಗೆ ಯಾವುದನ್ನೂ ಮುಟ್ಟಬೇಡಿ. ಹವಳ ಕೈ ಕೊಯ್ಯುತ್ತೆ, ಗಾಯ ಬೇಗ ಮಾಗಲ್ಲ. ಬಂಡೆ ಬಣ್ಣದಲ್ಲೇ ಬಂಡೆ ಮೇಲೆ ಕೂತಿರೋ ಚೇಳುಮೀನು, ಗರಿ ಬಿಚ್ಚಿದ ಲಯನ್ ಫಿಶ್ ಎರಡರ ಮುಳ್ಳಲ್ಲೂ ವಿಷ. ಚುಚ್ಚಿದರೆ ಐಸ್ ಅಲ್ಲ, ತಾಳಿಕೊಳ್ಳುವಷ್ಟು ಬಿಸಿನೀರು, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ನೋವಿರೋ ಕೈಗೆ ಬಿಸಿ ಅಂದಾಜು ಸಿಗಲ್ಲ, ಇನ್ನೊಬ್ಬರು ಕೈ ಅದ್ದಿ ನೋಡಲಿ.

ಜೋಗಿಮಟ್ಟಿ:

ಸ್ನಾರ್ಕೆಲ್ ಅಂದ್ರಲ್ಲ, ಅಲ್ಲೂ ಬಾವಿ ಚಟ ಒಂದೈತೆ. ಮುಳುಗೋ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿ ‘ದಮ್ಮು’ ತುಂಬಿಕೊಳ್ಳೋದು. ಅದರಿಂದ ಆಕ್ಸಿಜನ್ ಹೆಚ್ಚೇನೂ ಸೇರಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಇಳಿಯುತ್ತೆ. ಉಸಿರು ಬೇಕು ಅಂತ ಎದೆಗೆ ಹೇಳೋದು ಅದೇ. ಅದು ಹೇಳೋ ಮುಂಚೆನೇ ಆಕ್ಸಿಜನ್ ಮುಗಿದು, ಮೇಲೆ ಬರುವಾಗ ಪ್ರಜ್ಞೆ ತಪ್ಪುತ್ತೆ. ಕೈ ಬಡಿಯಲ್ಲ, ಕೂಗಲ್ಲ, ಸುಮ್ನೆ ಇಳಿದುಹೋಗ್ತಾನೆ. ಪಂದ್ಯ ಕಟ್ಟಬೇಡಿ, ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿಂದ ನೋಡ್ತಿರಲಿ.

ಕೊಂಡಜ್ಜಿ:

ಪ್ಲ್ಯಾನ್ ಬದಲಾಯ್ತು. ಶುಕ್ರವಾರ ಮಧ್ಯಾಹ್ನ ಹೊರಟು ಭಾನುವಾರ ಬೆಳಿಗ್ಗೆ ವಾಪಸ್. ಆಸ್ತಮಾ ಹುಡುಗನನ್ನ ಈ ವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀವಿ. ಕೊನೇದು ಎರಡು: ನನಗೆ ಕನ್ನಡಕ ಐತಿ, ಇನ್ನೊಬ್ಬನಿಗೆ ದಪ್ಪ ಮೀಸೆ. ಮಾಸ್ಕ್ ಸೋರುತ್ತೆ ಅಂತಾರೆ. ಈಜೋ ಗಾಗಲ್ಸ್ ಹಾಕ್ಕೊಂಡ್ರೆ ನಡೆಯುತ್ತಾ?

ಚಂದ್ರವಳ್ಳಿ:

ಗಾಗಲ್ಸ್ ನಡೆಯಲ್ಲ. ಮೂಗು ಒಳಗಿದ್ದರೇ ಮಾಸ್ಕ್. ಇಳಿದಂತೆ ಒಳಗಿನ ಗಾಳಿ ಕುಗ್ಗಿ ಕಣ್ಣನ್ನ ಹೊರಗೆ ಎಳೆಯುತ್ತೆ, ಮೂಗಿಂದ ಸ್ವಲ್ಪ ಗಾಳಿ ಬಿಟ್ಟು ಅದನ್ನ ಸರಿ ಮಾಡ್ತಾ ಹೋಗಬೇಕು. ಗಾಗಲ್ಸ್‌ನಲ್ಲಿ ಅದಕ್ಕೆ ದಾರಿ ಇಲ್ಲ, ಕಣ್ಣಿನ ಬಿಳಿ ಭಾಗ ರಕ್ತ ಕಟ್ಟಿ ಕೆಂಪಾಗುತ್ತೆ. ಕನ್ನಡಕಕ್ಕೆ ಪವರ್ ಇರೋ ಮಾಸ್ಕ್ ಐತಾ ಕೇಳಿ, ಇಲ್ಲದಿದ್ರೆ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ನಡೆಯುತ್ತೆ. ಮಾಸ್ಕ್‌ಗೆ ನೀರು ಬಂದಾಗ ಕಣ್ಣು ಮುಚ್ಚಿಕೊಳ್ಳಿ, ಇಲ್ಲ ಅಂದ್ರೆ ಲೆನ್ಸ್ ಸಮುದ್ರಕ್ಕೆ.

ಮೀಸೆ ಪೂರ್ತಿ ಬೋಳಿಸೋದು ಬೇಡ. ಮಾಸ್ಕ್‌ನ ಸಿಲಿಕೋನ್ ಅಂಚು ಕೂರೋದು ಮೂಗಿನ ಹೊಳ್ಳೆ ಕೆಳಗೇನೇ. ಅಲ್ಲಿ ಅರ್ಧ ಬೆರಳಗಲ ತೆಗೆದು ಚರ್ಮ ಕಾಣೋಹಂಗೆ ಮಾಡಿದರೆ ಸಾಕು, ಕೆಳಗಿನ ಮೀಸೆ ಹಂಗೇ ಇರಲಿ. ಹಣೆ ಕೂದಲೂ ಒಂದೆಳೆ ಅಂಚಿನಡಿ ಸಿಗಬಾರದು. ಸೋರುತ್ತೆ ಅಂತ ಪಟ್ಟಿ ಬಿಗಿ ಮಾಡ್ತಾರೆ, ಬಿಗಿದಷ್ಟೂ ಅಂಚು ಮಡಚಿ ಇನ್ನೂ ಸೋರುತ್ತೆ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿಂದ ಸಣ್ಣಗೆ ಎಳೆದಾಗ ಕೈ ಬಿಟ್ಟರೂ ಬೀಳದೆ ನಿಂತರೆ ಅದು ನಿಮ್ಮ ಮಾಸ್ಕ್. ನೀರು ಬಂದ್ರೂ ಪರವಾಗಿಲ್ಲ: ಮೇಲಿನ ಅಂಚು ಹಣೆಗೆ ಒತ್ತಿ, ಮುಖ ಸ್ವಲ್ಪ ಮೇಲೆತ್ತಿ, ಮೂಗಿಂದ ಊದಿದರೆ ಕೆಳಗಿಂದ ಹೋಗುತ್ತೆ. ಇದನ್ನ ಸೊಂಟದ ನೀರಲ್ಲಿ ಐದು ಸಲ ಮಾಡಿಸದೆ ಆಳಕ್ಕೆ ಕರ್ಕೊಂಡು ಹೋಗೋಕೆ ಬಿಡಬೇಡಿ.